ಬುಟ್ಟಿ ಎಣಿಸಿದ ಲೆಕ್ಕ

ಮೊನ್ನೆ ಮನೆಯ ಇಂಟರ್‌ನೆಟ್ ಪೆಟ್ಟಿಗೆ ಬದಲಿಸಲು ಒಬ್ಬ ಆಸಾಮಿ ಬಂದಿದ್ದ. ಹಳೆಯದನ್ನು ಕಿತ್ತ, ಹೊಸದನ್ನು ಗೋಡೆಗೆ ಬಡಿದ. ಆಮೇಲೆ ಮೊಬೈಲಿನಲ್ಲಿ ಏನೋ ಒತ್ತಿ, ಗಡಿಯಾರದಂಥ ಚಿತ್ರವೊಂದರಲ್ಲಿ ಮುಳ್ಳು ಸರ್ರನೆ ಮೇಲೇರುವುದನ್ನು ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿದ. “ನೋಡಿ ಸರ್, ನೂರು ಎಂಬಿಪಿಎಸ್. ಇನ್ನು ನಿಮ್ಗೆ ಎಂತ ತೊಂದ್ರೆನೂ ಇಲ್ಲ” ಎಂದ. ನಾನು ಕನ್ನಡಕ ಸರಿಮಾಡಿಕೊಂಡು, “ನಿಮಿಷಕ್ಕೆ ಎಷ್ಟು ಪದ ಆತು ಅದು?” ಎಂದು ಕೇಳಿದೆ. ಅವನು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡಿದ. ಅವಳು, “ಅವ್ರು ಹಾಗೇ. ನೀವು ಚಾ ಕುಡೀರಿ” ಎಂದಳು.

ಓದುಗರೇ, ನೀವೂ ಅವಳ ಪಕ್ಷ ವಹಿಸುವ ಮೊದಲು ನನ್ನ ಮಾತು ಸ್ವಲ್ಪ ಕೇಳಿ. ಅದೇ ಹೆಂಡತಿ ಇವತ್ತಿಗೂ ಅಕ್ಕಿಯನ್ನು ಸಿದ್ದೆಯಲ್ಲಿ ಅಳೆಯುತ್ತಾಳೆ. ಅಂಗಡಿಯವನು ಕಿಲೋ ಎಂದರೆ ಇವಳ ಮನಸ್ಸು ಒಳಗೊಳಗೇ ಅದನ್ನು ಸಿದ್ದೆಗೆ ತಿರುಗಿಸಿಕೊಂಡ ಮೇಲೆಯೇ ಅಕ್ಕಿ ಚೀಲಕ್ಕೆ ಬೀಳುವುದು. ನಾನು ಹೊನ್ನಾವರದ ತಂತಿ ಕಚೇರಿಯ ಕೌಂಟರಿನಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವನು. ನನ್ನ ಸಿದ್ದೆ ಎಂದರೆ ನಿಮಿಷಕ್ಕೆ ಇಷ್ಟು ಪದ ಎನ್ನುವುದು. ಹೋಗುವ ಕಾಲಕ್ಕೂ ಯಮನ ಕೋಣ ನಿಮಿಷಕ್ಕೆ ಎಷ್ಟು ಪದ ಓಡುತ್ತದೆ ಎಂದು ಕೇಳುವವನೇ ನಾನು.

ಈ ಹುಚ್ಚು ಹತ್ತಿಸಿದವನು ದಾಮೋದರ. ನಮ್ಮೆಲ್ಲರ ಬಾಯಲ್ಲಿ ದಾಮು. ಹೊಳೆಯಾಚೆ ಕಾಸರಕೋಡಿನವನು. ಕಡಲಿಗೆ ಹೋಗುವ ಮನೆತನದಲ್ಲಿ ಹುಟ್ಟಿ, ಡಿಪ್ಲೊಮಾ ಓದಿ, ನಮ್ಮ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್ ಆದವನು. ಓದಿಸಿದ್ದು ಅವನ ಅಣ್ಣ ತಿಮ್ಮಪ್ಪ. ಅಪ್ಪ ತೀರಿಕೊಂಡ ಮೇಲೆ ತಿಮ್ಮಪ್ಪ ಎಂಟು ತಿಂಗಳು ಯಾರದೋ ಬೋಟಿನಲ್ಲಿ ಗೋವಾ, ಅದರಾಚೆ ಎಂದು ದುಡಿದು ಕಳಿಸುವುದು, ತಾಯಿ ಸಣ್ಣಮ್ಮ ಬುಟ್ಟಿ ಹೊತ್ತು ಮೀನು ಮಾರುವುದು, ಇವನು ಓದುವುದು. ಆ ಮನೆ ನಡೆದದ್ದು ಹಾಗೆ. ಇಂಜಿನಿಯರ್ ಆಗಿ ಕುಮಟೆಗೆ ಬಂದ ಮೇಲೂ ದಾಮು ಶನಿವಾರ ಊರಿಗೆ ಹೋಗುವಾಗ ನನ್ನ ಕೌಂಟರಿನ ಮುಂದೆ ನಿಂತು ಮಾತಾಡಿಯೇ ಹೊಳೆ ದಾಟುತ್ತಿದ್ದ. ಮದುವೆಯಾಗದ ಇಬ್ಬರು ಸರ್ಕಾರಿ ನೌಕರರಿಗೆ ಮಾತಿಗೇನು ಬರ?

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಲ್ಲಿಯ ತನಕ ನಮ್ಮ ಕರಾವಳಿಯಲ್ಲಿ ಕಟಕಟ ಎನ್ನುವ ಮೋರ್ಸ್ ಕೀಲಿಯೇ. ಕೈ ಚೆನ್ನಾಗಿದ್ದವನು ನಿಮಿಷಕ್ಕೆ ಇಪ್ಪತ್ತು, ಇಪ್ಪತ್ತೈದು ಪದ ಕಳಿಸುತ್ತಿದ್ದ. ನನ್ನ ಕೈಯೂ ಪರವಾಗಿರಲಿಲ್ಲ, ಎದುರಿನವನು ಬೈಯದಷ್ಟು. ಆಗ, ಇಲ್ಲಿ ಅಕ್ಷರ ಒತ್ತಿದರೆ ಆ ಊರಿನಲ್ಲಿ ತಾನೇ ಅಚ್ಚಾಗುವ ಟೆಲಿಪ್ರಿಂಟರ್ ಬರುತ್ತದೆ ಎಂದಾಯಿತು. ಕುಮಟೆ, ಹೊನ್ನಾವರ, ಭಟ್ಕಳ ಮೂರಕ್ಕೂ ಸೇರಿ ಹುಬ್ಬಳ್ಳಿ ಕಡೆಯಿಂದ ಎಷ್ಟು ಲೈನು ಬೇಕು, ಒಂದು ಸಾಕೋ ಎರಡೋ, ಲೆಕ್ಕ ಹಾಕಿ ಕೊಡು ಎಂದು ಮೇಲಿನವರು ದಾಮುವಿಗೆ ಹೇಳಿದರು. ಅವನ ಕೈಗೆ ಬಂದ ಮೊದಲ ದೊಡ್ಡ ಕೆಲಸ. ನನ್ನ ಕೌಂಟರಿನಲ್ಲಿ ದಿನಕ್ಕೆ ಎಷ್ಟು ಪದ ಬರುತ್ತದೆ, ಹೋಗುತ್ತದೆ ಎಂದು ಬರೆದುಕೊಂಡು ಹೋದ. ಭಟ್ಕಳದಲ್ಲೂ ಅದೇ, ಕುಮಟೆಯಲ್ಲೂ ಅದೇ.

ಆಮೇಲೆ ಒಂದು ಮಧ್ಯಾಹ್ನ ಬಂದರಿನ ಹತ್ತಿರದ ಚಾ ಅಂಗಡಿಯಲ್ಲಿ ಕೂರಿಸಿಕೊಂಡು ನನಗೆ ಪಾಠ ಮಾಡಿದ. ಹೆದರಬೇಡಿ, ಅದು ಗುಣಾಕಾರ ಭಾಗಾಕಾರದ ಮಟ್ಟದ್ದೇ. ಹೊಸ ಯಂತ್ರದ ವೇಗ ಐವತ್ತು ಬಾಡ್. ಅಂದರೆ ಸೆಕೆಂಡಿಗೆ ತಂತಿಯಲ್ಲಿ ಐವತ್ತು ಮಿಡಿತ. ಒಂದು ಅಕ್ಷರಕ್ಕೆ ಏಳೂವರೆ ಮಿಡಿತ ಬೇಕು: ಅಕ್ಷರದ್ದು ಐದು, ‘ಶುರುವಾಯಿತು’ ಎನ್ನಲು ಮುಂದೊಂದು, ‘ಮುಗಿಯಿತು’ ಎನ್ನಲು ಹಿಂದೆ ಒಂದೂವರೆ. ಅರ್ಧ ಮಿಡಿತ ಎಂದರೆ ಎಂಥದು ಮಾರಾಯ, ಅರ್ಧ ಕೆಮ್ಮಿದ ಹಾಗೋ, ಎಂದು ನಾನು ಕೇಳಿದೆ. ಅವನು ಕಿವಿಗೆ ಹಾಕಿಕೊಳ್ಳದೆ ಮುಂದುವರಿಸಿದ. ಐವತ್ತನ್ನು ಏಳೂವರೆಯಿಂದ ಭಾಗಿಸಿ ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ ನಾನೂರು ಅಕ್ಷರ. ಒಂದು ಪದಕ್ಕೆ ಐದು ಅಕ್ಷರ, ಒಂದು ಖಾಲಿ ಜಾಗ, ಒಟ್ಟು ಆರು. ನಾನೂರನ್ನು ಆರರಿಂದ ಭಾಗಿಸಿದರೆ ನಿಮಿಷಕ್ಕೆ ಅರವತ್ತಾರು ಪದ, ಮೇಲೆ ಚಿಲ್ಲರೆ.

“ಐದೇ ಅಕ್ಷರ ಯಾಕೆ?” ಎಂದೆ.

“ಜಗತ್ತಿಗೆಲ್ಲ ಅದೇ ಲೆಕ್ಕ. ಪುಸ್ತಕದಲ್ಲಿ ಹಾಗೇ ಉಂಟು.”

“ನಮ್ಮ ಹಿರೇಗುತ್ತಿ ಒಂದಕ್ಕೇ ಇಂಗ್ಲಿಷಿನಲ್ಲಿ ಒಂಬತ್ತು ಆತಲ್ಲ ಮಾರಾಯ.”

“ಅದಕ್ಕೇ ಸರಾಸರಿ ಹೇಳೂದು. ಒಂದು ಉದ್ದ ಆದ್ರೆ ಇನ್ನೊಂದು ಗಿಡ್ಡ. ನಿನ್ನ ತಲೇಲಿ ಎಂತ ತುಂಬಿದ್ಯಾ?”

ಇಬ್ಬರೂ ನಕ್ಕೆವು. ಮೂರು ಊರಿನ ಪದಗಳನ್ನು ಕೂಡಿಸಿ, ಅರವತ್ತಾರರಿಂದ ಭಾಗಿಸಿ, ಒಂದೇ ಲೈನು ಸಾಕು ಎಂದು ಅವನು ತೋರಿಸಿದ. ಬರೀ ಸಾಕಾಗುವುದಲ್ಲ, ಇನ್ನೂ ಜಾಗ ಮಿಗುತ್ತದೆ. “ಅರ್ಧ ದಿನ ಲೈನು ಸುಮ್ನೆ ಕೂತಿರ್ತದೆ ನೋಡು” ಎಂದು ಬೀಗಿದ. ಮೇಲಿನವರಿಗೆ ಖುಷಿಯಾಯಿತು. ಇಲಾಖೆಗೆ ಖರ್ಚು ಕಡಿಮೆ ಮಾಡುವ ಇಂಜಿನಿಯರ್ ಯಾರಿಗೆ ಬೇಡ? ಲೈನು ಒಂದೇ ಬಂತು.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆಯ ಜನ ತಂತಿ ಕೊಡುತ್ತಿದ್ದ ಪರಿಯನ್ನು ಹೇಳಬೇಕು. ಆಗ ಮೀನು ಹೆಂಗಸರು ಬಸ್ಸಿಗೆ ಬುಟ್ಟಿ ಹಾಕುತ್ತಿದ್ದರಲ್ಲ, ಕಂಡಕ್ಟರು ದುಡ್ಡು ಹಿಡಿಯುತ್ತಿದ್ದದ್ದು ಬುಟ್ಟಿಗೆ ಇಷ್ಟು ಎಂದು. ಒಳಗೆ ಎಷ್ಟು ಮೀನಿದೆ ಎಂದು ಯಾರೂ ತೂಗುತ್ತಿರಲಿಲ್ಲ. ಹಾಗಾಗಿ ಬುಟ್ಟಿಗೆ ಬಂಗಡೆಯನ್ನು ಒತ್ತಿ ಒತ್ತಿ ತುಂಬಿ, ಮೇಲೊಂದು ಎಲೆ ಮುಚ್ಚಿ, ಅದರ ಮೇಲೂ ನಾಲ್ಕು ಮೀನಿಟ್ಟು ಹಗ್ಗ ಬಿಗಿಯುತ್ತಿದ್ದರು. ನನ್ನ ಕೌಂಟರಿಗೂ ಅದೇ ಜನ ತಾನೇ ಬರುವುದು? ತಂತಿಗೂ ಪದಕ್ಕಿಷ್ಟು ಎಂದು ದರ. ಒಂದು ಪದ ಎಂದರೆ ಒಂದು ಬುಟ್ಟಿ. ಮದರ್ ಸೀರಿಯಸ್ ಎಂದು ಎರಡಾಗಿ ಬರೆಯುವವನು ಶುದ್ಧ ದಡ್ಡ. ‘ಮದರ್‌ಸೀರಿಯಸ್’ ಒಂದು. ‘ಕಮ್‌ಸೂನ್‌ಭಟ್ಕಳ’ ಒಂದು. ಭಟ್ಕಳದ ಸಾಬರು ಮುಂಬಯಿಗೆ, ದುಬೈಗೆ ಕಳಿಸುವಾಗ ನವಾಯತಿ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ಹಗ್ಗದಲ್ಲಿ ಬಿಗಿಯುತ್ತಿದ್ದರಂತೆ. ನಿಯಮದ ಪ್ರಕಾರ ಹಾಗೆ ಕೂಡಿಸಿದ್ದನ್ನು ಒಪ್ಪುವಂತಿರಲಿಲ್ಲ. ಆದರೆ ಅಳುತ್ತ ನಿಂತ ಹೆಂಗಸಿನ ಮುಂದೆ ನಿಯಮದ ಪುಸ್ತಕ ಬಿಚ್ಚುವ ಗುಮಾಸ್ತ ಈ ಕರಾವಳಿಯಲ್ಲಿ ಯಾವ ಕೌಂಟರಿನಲ್ಲೂ ಇರಲಿಲ್ಲ.

ಈ ಕಲೆಯಲ್ಲಿ ಪಳಗಿದವಳು ದಾಮುವಿನ ತಾಯಿ ಸಣ್ಣಮ್ಮನೇ. ಓದು ಬರಹ ಇಲ್ಲ. ಆದರೆ ಬೋಟಿನ ಮೇಲಿದ್ದ ಮಗನಿಗೆ ತಂತಿ ಕೊಡಲು ಬಂದರೆ ನನ್ನ ಪೆನ್ನಿನ ತುದಿಯನ್ನೇ ನೋಡುತ್ತ, “ಇದ್ಕೆ ಅದ್ನ ಕಟ್ಟು ತಮಾ, ಇನ್ನೂ ಜಾಗ ಉಂಟು” ಎನ್ನುತ್ತಿದ್ದಳು. ಮಕ್ಕಳಿಬ್ಬರಿಗೂ ಹೇಳಿಕೊಟ್ಟಿದ್ದಳು. ದಾಮು ಓದುವಾಗ ಫೀಸು ಬೇಕೆಂದು ಕೊಟ್ಟ ತಂತಿಗಳೆಲ್ಲ ಹೀಗೆ ಬಿಗಿದವೇ. ಅಂಥವನು ಇಂಜಿನಿಯರ್ ಆಗಿ ಲೆಕ್ಕಕ್ಕೆ ಕೂತಾಗ ಪುಸ್ತಕದ ಐದಕ್ಷರ ಹಿಡಿದ. ತನ್ನ ಮನೆಯ ರೂಢಿ ಅವನಿಗೆ ನೆನಪೇ ಆಗಲಿಲ್ಲ. ಮನೆಯ ರೂಢಿಯನ್ನು ಲೆಕ್ಕದ ವಿಷಯ ಎಂದು ಯಾರು ತಿಳಿಯುತ್ತಾರೆ ಹೇಳಿ?

ಮೊದಲ ಮಳೆಗಾಲ ಹೇಗೋ ಕಳೆಯಿತು. ಮಳೆ ನಿಂತು ಬೋಟುಗಳು ಇಳಿದದ್ದೇ ತಡ, ಲೈನು ಕಟ್ಟಿಕೊಂಡಿತು. ಮೀನು ವ್ಯಾಪಾರಿಗಳ ತಂತಿ, ಭಟ್ಕಳದ ಹಬ್ಬದ ತಂತಿ, ಅರಬ್ ದೇಶದ ವೀಸಾದ ತಂತಿ. ಒಂದೊಂದು ಪದವೂ ಗೂಡ್ಸ್ ಗಾಡಿಯಷ್ಟು ಉದ್ದ. ಕೂಡಿಸಿ ಬರೆದದ್ದು ಆ ಕಡೆಯವನಿಗೆ ಅರ್ಥವಾಗದೆ, ಮತ್ತೊಮ್ಮೆ ಕಳಿಸು ಎಂದು ಕೇಳುವುದು ಬೇರೆ. ದುಪ್ಪಟ್ಟು ಕೊಟ್ಟವರ ಎಕ್ಸ್‌ಪ್ರೆಸ್ ತಂತಿ ಮೊದಲು, ಬಡವರ ಸಾದಾ ತಂತಿ ಹಿಂದೆ. ಹಿಂದೆ ಉಳಿದದ್ದು ರಾಶಿಯಾಗಿ, ಕಡೆಗೆ ಅದನ್ನು ಹುಬ್ಬಳ್ಳಿಯಲ್ಲೇ ಅಂಚೆ ಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದರು. ತಂತಿ ಬಸ್ಸಿನಲ್ಲಿ ಬರುವುದು! ನಾವು ಅದನ್ನು ನೋಡಿ ನಗಾಡುತ್ತಿದ್ದೆವು.

ತಿಮ್ಮಪ್ಪನ ತಂತಿ ಬಂದದ್ದು ಹಾಗೆ, ಬಸ್ಸಿನಲ್ಲಿ. ಚೀಲ ಬಿಡಿಸಿದವನು ನಾನೇ. ಗೋವಾದ ಆಚೆ ಒಂದು ಬಂದರಿನಿಂದ ಅವನ ಬೋಟಿನವರು ಕೊಟ್ಟದ್ದು. ‘ತಿಮ್ಮಪ್ಪಸೀರಿಯಸ್’ ಒಂದು ಪದ, ‘ಕಮ್‌ಸೂನ್‌ಹಾಸ್ಪಿಟಲ್’ ಇನ್ನೊಂದು, ಕೊನೆಗೆ ಊರಿನ ಹೆಸರು. ಕೊಟ್ಟ ದಿನ ನೋಡಿದೆ. ಅದಾಗಿ ಮೂರನೆಯ ದಿನ ಅದು ನನ್ನ ಕೈಯಲ್ಲಿತ್ತು. ನಾನು ಕುಮಟೆಗೆ ಫೋನು ಮಾಡಿಸಿದೆ. ದಾಮು ಸಿಕ್ಕಿದ ಲಾರಿ ಹತ್ತಿ ಬಂದ, ತಾಯಿಯನ್ನು ಕರೆದುಕೊಂಡು ಹೋದ. ರೈಲು ಇಲ್ಲದ ಕಾಲ. ಬಸ್ಸು ಬದಲಿಸಿ ಬದಲಿಸಿ ಅಲ್ಲಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಮ್ಮಪ್ಪ ತಂತಿ ಕೊಟ್ಟ ಮರುದಿನ ಸಂಜೆಯ ತನಕ ಉಸಿರು ಹಿಡಿದಿದ್ದನಂತೆ. ಬೋಟಿನವರು ಇನ್ನೂ ಒಂದು ದಿನ ಮನೆಯವರ ದಾರಿ ನೋಡಿ, ಹೆಣ ಇಟ್ಟುಕೊಳ್ಳಲಾಗದೆ, ತಾವೇ ವಂತಿಗೆ ಹಾಕಿ ಸುಟ್ಟಿದ್ದರು. ಕಡಲ ದಂಡೆಯ ಮಸಣದಲ್ಲಿ ಬೂದಿಯನ್ನು ಅಲೆ ಒಯ್ದಾಗಿತ್ತು. ಸಣ್ಣಮ್ಮನಿಗೆ ಮಗನ ಅಂಗಿ ಒಂದು ಸಿಕ್ಕಿತು.

ವಾರ ಕಳೆದು ದಾಮು ನನ್ನ ಕೌಂಟರಿಗೆ ಬಂದ. ಕಿಸೆಯಿಂದ ಅಣ್ಣನ ತಂತಿಯ ಕಾಗದ ತೆಗೆದು, ಪೆನ್ಸಿಲಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಎಣಿಸಿದ. ಒಟ್ಟು ಅಕ್ಷರ, ಅವನು ಆ ಪದಗಳಿಗೆ ಲೆಕ್ಕದಲ್ಲಿ ಬಿಟ್ಟಿದ್ದ ಜಾಗದ ಎರಡರಷ್ಟಕ್ಕಿಂತ ಹೆಚ್ಚಿತ್ತು. ಮತ್ತೊಮ್ಮೆ ಎಣಿಸಿದ. ಆಮೇಲೆ ನನ್ನ ಮುಂದಿದ್ದ ಅವತ್ತಿನ ತಂತಿಗಳ ಕಟ್ಟನ್ನು ಎಳೆದುಕೊಂಡು ಅವನ್ನೂ ಎಣಿಸತೊಡಗಿದ. ಕುಮಟೆಯ ಅಡಕೆ ಮಂಡಿಯದ್ದು, ಇಡಗುಂಜಿಗೆ ಹರಕೆ ಹೊತ್ತವರದ್ದು, ಯಾರ ಮನೆಯದೋ ಬಾಣಂತನದ್ದು. ನಾನು ಚಾ ತರಿಸಿದೆ. ಅದು ಆರಿ ಕೆನೆಗಟ್ಟಿತು. ಅವನು ಎಲ್ಲಿಗೆ ಹೋಗಿ ನಿಲ್ಲುತ್ತಾನೆ ಎಂದು ನನಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

“ನಾ ಬುಟ್ಟಿ ಎಣಿಸ್ದೆ ಮಾರಾಯ” ಎಂದ ಕೊನೆಗೆ. “ಮೀನು ತೂಗ್ಲಿಲ್ಲ.”

“ಪುಸ್ತಕದಲ್ಲಿ ಇದ್ದದ್ದೇ ಅಲ್ವನಾ ನೀ ಮಾಡಿದ್ದು? ಯಾರು ಮಾಡಿದ್ರೂ ಅಷ್ಟೇ ಬತ್ತಿತ್ತು” ಎಂದೆ.

“ಯಾರೋ ಆಗಿದ್ರೆ ಸರಿ. ನಾನು ಸಣ್ಣಮ್ಮನ ಮಗ ಅಲ್ದಾ?”

ಅವನ ಮುಂದೆ ಈಗ ಒಂದೇ ಪ್ರಶ್ನೆ. ತಾಯಿಗೆ ಹೇಳುವುದೋ ಬಿಡುವುದೋ. ಹೇಳಬೇಡ ಎಂದು ನಾನು ಎಷ್ಟೋ ಸಲ ಹೇಳಿದೆ. ಆ ಮುದುಕಿಗೆ ಬಾಡ್ ಏನು, ಮಿಡಿತ ಏನು, ಸುಮ್ಮನೆ ಗಾಯಕ್ಕೆ ಉಪ್ಪು ಯಾಕೆ ಎಂದೆ. ಅವನು ಕೇಳಲಿಲ್ಲ. ಹೇಳದೆ ಅವಳ ಕೈಯ ಅನ್ನ ಉಣ್ಣಲಾರೆ ಎಂದ. ಜೊತೆಗೆ ಬಾ ಎಂದು ನನ್ನನ್ನೂ ಎಳೆದುಕೊಂಡು ಹೊಳೆ ದಾಟಿದ. ಸಣ್ಣಮ್ಮ ಅಂಗಳದಲ್ಲಿ ಒಣಮೀನು ಹರವಿ, ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಳು. ದಾಮು ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಎಲ್ಲ ಹೇಳಿದ. ಬಾಡ್, ಮಿಡಿತ ಎನ್ನಲಿಲ್ಲ. ಬಸ್ಸು, ಬುಟ್ಟಿ ಎಂದ. ಎಷ್ಟು ಬುಟ್ಟಿ ಬರ್ತದೆ ಅಂತ ಎಣಿಸಿ ಒಂದೇ ಬಸ್ಸು ಸಾಕು ಅಂದವ ನಾನು ಅವ್ವಿ, ಬುಟ್ಟಿಯಲ್ಲಿ ಎಷ್ಟು ತುಂಬಿರ್ತಾರೆ ಅಂತ ನೋಡ್ಲಿಲ್ಲ, ಬಸ್ಸಿಗೆ ಹಿಡೀಲಿಲ್ಲ, ಅಣ್ಣನ ಬುಟ್ಟಿ ದಾರೀಲೇ ಉಳೀತು, ಎಂದ.

ಕಾಗೆ ಬಂದು ಒಂದು ಮೀನನ್ನು ಕಚ್ಚಿಕೊಂಡು ಹೋಯಿತು. ಸಣ್ಣಮ್ಮ ಕೋಲು ಎತ್ತಲಿಲ್ಲ.

“ಕೂಡ್ಸಿ ಕಟ್ಟೂಕೆ ಹೇಳ್ಕೊಟ್ಟವ್ಳು ನಾನು” ಎಂದಳು. “ನೀ ಎಂತ ಮಾಡ್ದೆ? ಲೆಕ್ಕ ಮಾಡ್ದೆ. ಲೆಕ್ಕ ಮಾಡೂಕೇ ಅಲ್ದಾ ನಿಂಗೆ ಸಂಬಳ ಕೊಡೂದು. ಅವ್ನ ತಂತಿ ಉದ್ದ ಆದದ್ದು ನನ್ನಿಂದ.”

“ಅಲ್ಲ ಅವ್ವಿ, ಅದಲ್ಲ...”

“ಸುಮ್ನಿರು. ಜೀವ ಉಳೀತಿತ್ತು ಅಂತ ನಾ ಹೇಳೂದಿಲ್ಲ. ಮುಖ ಒಂದು ನೋಡೂಕೆ ಸಿಕ್ಕಿದ್ರೆ ಸಾಕಾಗಿತ್ತು. ಸಿಕ್ಲಿಲ್ಲ. ಆತು.”

ಅವನು ತಪ್ಪನ್ನು ತನ್ನ ಕಡೆ ಎಳೆಯುತ್ತಾನೆ, ಅವಳು ತನ್ನ ಕಡೆ ಎಳೆಯುತ್ತಾಳೆ. ನಡುವೆ ನಾನು ಮಣ್ಣಿನ ಗೊಂಬೆಯ ಹಾಗೆ. ಅವಳು ನಿಜವಾಗಿ ಹಾಗೆ ನಂಬಿದಳೋ, ಉಳಿದ ಒಬ್ಬ ಮಗನ ಹೆಗಲಿನಿಂದ ಇಳಿಸಲು ಹಾಗಂದಳೋ, ನನಗೆ ಇವತ್ತಿಗೂ ತಿಳಿಯದು. ಇಳಿಯಿತು ಎಂದೇನೂ ನನಗೆ ಅನಿಸಲಿಲ್ಲ. ಇಬ್ಬರೂ ಅದನ್ನು ಪೂರ್ತಿಯಾಗಿಯೇ ಹೊತ್ತರು. ಆಮೇಲೆ ಸಣ್ಣಮ್ಮ ನೆಂಟರಿಗೆ ತಂತಿ ಕೊಡಲು ಬಂದಾಗಲೆಲ್ಲ ಪದಗಳನ್ನು ಬಿಡಿ ಬಿಡಿಯಾಗಿ ಬರೆಸುತ್ತಿದ್ದಳು. ಹಿಂದೆ ನಿಂತ ಹೆಂಗಸರಿಗೂ, “ಕೂಡ್ಸಬೇಡ್ರೆ, ಒಯ್ಯೂಕಾಗೂದಿಲ್ಲ ಅದ್ಕೆ” ಎನ್ನುತ್ತಿದ್ದಳು. ಅವರು ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡು ಕೂಡಿಸಿಯೇ ಬರೆಸುತ್ತಿದ್ದರು.

ದಾಮು ಮತ್ತೆ ಲೆಕ್ಕ ಹಾಕಿದ. ಈ ಸಲ ಪದ ಬಿಟ್ಟು ಅಕ್ಷರ ಹಿಡಿದ. ಮೂರೂ ಊರಿನ ಕೌಂಟರುಗಳಲ್ಲಿ ಕೂತು, ಜನ ಬರೆಯುವ ಹಾಗೆಯೇ ಬರೆದದ್ದನ್ನು ಎಣಿಸಿ, ಮಿಡಿತಕ್ಕೆ ತಿರುಗಿಸಿ, ಎರಡನೆಯ ಲೈನು ಬೇಕೇ ಬೇಕು ಎಂದು ಬರೆದ. ಎಂಬತ್ತರ ದಶಕ ಸ್ವಲ್ಪ ಮುಂದೆ ಹೋದ ಮೇಲೆ ಅದು ಬಂತು. ಮೇಲಿನವರೊಬ್ಬರು ನಮ್ಮ ಕಚೇರಿಗೆ ಬಂದಿದ್ದವರು ಎಲ್ಲರ ಎದುರು ಅವನ ಬೆನ್ನು ತಟ್ಟಿ, “ಭೇಷ್. ಈ ಬುದ್ಧಿ ಮೊದಲೇ ಯಾಕೆ ಓಡಲಿಲ್ಲ?” ಎಂದು ನಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ. ದಾಮು, “ಹೌದು ಸರ್” ಎಂದ. ನನಗೆ ಅವರ ಕುತ್ತಿಗೆ ಹಿಡಿಯಬೇಕು ಎನಿಸಿತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಕಾಲ ಓಡಿತು. ಸಣ್ಣಮ್ಮ ಹೋದಳು. ದಾಮುವಿಗೆ ಮದುವೆಯಾಗಿ ಸುಮಾ ಎಂಬ ಮಗಳು ಹುಟ್ಟಿದಳು. ನಾವಿಬ್ಬರೂ ನಿವೃತ್ತರಾದೆವು, ನಾನು ಕುಮಟೆಯಲ್ಲಿ ನೆಲೆಸಿದೆ, ಅವನು ಹೊನ್ನಾವರದಲ್ಲಿ. ಹೊಸ ಹೊಸ ವೇಗಗಳು ಬಂದವು. ಒಂದೊಂದು ಬಂದಾಗಲೂ ದಾಮು ನನಗೆ ಫೋನು ಮಾಡುತ್ತಿದ್ದ. ಇಂಥ ವೇಗ ಬಂತಂತೆ ಮಾರಾಯ, ಎಂದು ಶುರುಮಾಡಿ, ಅದನ್ನು ನಮ್ಮ ಐವತ್ತು ಬಾಡ್ ಲೆಕ್ಕಕ್ಕೆ ಇಳಿಸಿ, ಅಣ್ಣನ ತಂತಿ ಇದರಲ್ಲಿ ಸೆಕೆಂಡಿಗೆ ಎಷ್ಟು ಸಲ ಹೋಗಿ ಬರುತ್ತಿತ್ತು ಎಂದು ಹೇಳಿ ಫೋನು ಇಡುತ್ತಿದ್ದ. ಬೇರೆಯವರು ವರ್ಷಕ್ಕೊಮ್ಮೆ ಪಿಂಡ ಇಡುತ್ತಾರೆ. ಇವನು ಭಾಗಾಕಾರ ಮಾಡುತ್ತಿದ್ದ. ನೂರು ಎಂಬಿಪಿಎಸ್ ಎಂದರೆ ಅಂಥ ಲೈನು ಇಪ್ಪತ್ತು ಲಕ್ಷ ಎಂದು ನನಗೆ ಹೇಳಿಕೊಟ್ಟದ್ದೂ ಅವನೇ.

ದಾಮು ಕಳೆದ ಮಳೆಗಾಲದಲ್ಲಿ ಹೋದ. ಸುದ್ದಿ ನನ್ನ ಕಣ್ಣಿಗೆ ಬಿದ್ದದ್ದು ಅದು ಬಂದ ಮೂರನೆಯ ದಿನ. ಅದು ಹೇಗೆ ಎನ್ನುತ್ತೀರಾ? ನನ್ನ ಮೊಬೈಲಿಗೆ ದಿನಾ ಬೆಳಿಗ್ಗೆ ರಾಶಿ ರಾಶಿ ಶುಭೋದಯ ಬರುತ್ತದೆ. ಹೂವು, ದೇವರು, ಸೂರ್ಯೋದಯ, ಯಾರದೋ ಮೊಮ್ಮಗನ ಕುಣಿತ, ಪಿಂಚಣಿದಾರರ ಸಂಘದ ಜಗಳ. ಕಣ್ಣು ಸೋಲುತ್ತದೆಂದು ನಾನು ಸದ್ದು ಮುಚ್ಚಿಟ್ಟು, ಮನಸ್ಸು ಬಂದಾಗ ಮೇಲಿನ ನಾಲ್ಕನ್ನು ನೋಡಿ ಬಿಡುವವನು. ಆ ದಿನ ಏನೋ ಹುಡುಕುತ್ತ ಕೆಳಗೆ ಕೆಳಗೆ ಹೋದಾಗ, ಅಷ್ಟೂ ಹೂವುಗಳ ಅಡಿಯಲ್ಲಿ ಸುಮಾಳ ಸಂದೇಶ ಸಿಕ್ಕಿತು. ಅಪ್ಪ ಆಸ್ಪತ್ರೆಯಲ್ಲಿದ್ದಾರೆ, ಸೀರಿಯಸ್, ನಿಮ್ಮನ್ನು ಕೇಳುತ್ತಿದ್ದಾರೆ, ಬೇಗ ಬನ್ನಿ. ಒಂದೊಂದು ಪದವೂ ಬಿಡಿ ಬಿಡಿಯಾಗಿತ್ತು. ಬಂದು ಎರಡು ದಿನ ಕಳೆದಿತ್ತು.

ಕುಮಟೆಯಿಂದ ಹೊನ್ನಾವರ ಅರ್ಧ ಗಂಟೆಯ ದಾರಿ. ನಾನು ಮುಟ್ಟಿದಾಗ ಅಂಗಳದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಹಿಂದಿನ ದಿನವೇ ಎಲ್ಲ ಮುಗಿದಿತ್ತು. ಸುಮಾ ಹೊರಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಈಗ ನೋಡಿದೆ ಮಗಾ, ಈಗಷ್ಟೇ ನೋಡಿದೆ, ಎಂದು ಏನೇನೋ ತಡವರಿಸಿದೆ. ಅವಳು ಕೈಯಲ್ಲಿದ್ದ ಮೊಬೈಲನ್ನು ನನ್ನ ಕಡೆ ತಿರುಗಿಸಿ, ತಾನು ಕಳಿಸಿದ್ದರ ಪಕ್ಕದಲ್ಲಿದ್ದ ಎರಡು ಸಣ್ಣ ಗೀಟುಗಳನ್ನು ತೋರಿಸಿದಳು.

“ಕಳಿಸಿದ ಕೂಡ್ಲೆ ಮುಟ್ಟಿದೆ ಅಂತ ತೋರಿಸ್ತು ಅಂಕಲ್, ಅದ್ಕೇ ಮತ್ತೆ ಫೋನು ಮಾಡ್ಲಿಲ್ಲ” ಎಂದಳು. “ಅಪ್ಪ ಕೇಳ್ತಾನೇ ಇದ್ರು, ಅವ್ನಿಗೆ ಮುಟ್ಟಿತನಾ, ಮುಟ್ಟಿತನಾ ಅಂತ. ಮುಟ್ಟಿದೆ ಅಪ್ಪ, ಇನ್ನು ಬರ್ತಾರೆ ಅಂದೆ. ಕೊನೇತನಕ ಬಾಗ್ಲ ಕಡೆಗೇ ನೋಡ್ತಾ ಇದ್ರು.”